ಸವೆತ ಎಂದು ಬರೆದವರಿಗೆ

ಹುಬ್ಬಳ್ಳಿ, ಎರಕದ ಕಾರ್ಖಾನೆ
ಫೆಬ್ರವರಿ ಮೂವತ್ತು, ೨೧೬೧

ನಿಮ್ಮ ಕಾಲದಲ್ಲಿ ಕಾರ್ಖಾನೆ ನಡೆಸುತ್ತಿರುವವರಿಗೆ,

ಮೇಲಿನ ತಾರೀಖನ್ನು ಕಂಡು ಕೈತಪ್ಪು ಎಂದುಕೊಳ್ಳಬೇಡಿ. ಉತ್ಪಾದನೆಯ ಲೆಕ್ಕ ಸಲೀಸಾಗಲೆಂದು ನಮ್ಮ ಹಿರಿಯರು ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿದರು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು, ಉತ್ತರ ತರುವುದಿಲ್ಲ. ನನಗೆ ನಿಮ್ಮ ಉತ್ತರ ಬೇಕಾಗಿಯೂ ಇಲ್ಲ.

ನನ್ನ ಹೆಸರು ಶಿವಗಂಗಾ ಕಮ್ಮಾರ. ಕುಡಿಯುವ ನೀರಿನ ಕೊಳವೆಗಳಿಗೆ ಬೇಕಾದ ಕಬ್ಬಿಣದ ವಾಲ್ವುಗಳನ್ನು ನಮ್ಮಲ್ಲಿ ಎರಕ ಹೊಯ್ಯುತ್ತಾರೆ. ಕಾರ್ಖಾನೆ ನಡೆಯುವುದು ‘ನಾಲ್ವಂಗ’ದ ಮೇಲೆ. ಜನ, ವಿಧಾನ, ಯಂತ್ರ, ಸಾಮಗ್ರಿ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿಟ್ಟು ಒಂದೇ ಮಾತಿನಲ್ಲಿ ನಿರ್ವಹಿಸುವುದಕ್ಕೆ ಆ ಹೆಸರು. ಇದರ ಬೀಜ ಬಿತ್ತಿದವರು ನೀವು. ನಿಮ್ಮ ತರಬೇತಿ ಕೊಠಡಿಗಳಲ್ಲಿ, ಚಹಾ ಹೀರುತ್ತ, ಮನುಷ್ಯರನ್ನೂ ಮರಳನ್ನೂ ಒಂದೇ ಗೋಡೆಯ ಮೇಲೆ ಬರೆದು ತೋರಿಸಿದವರು ನೀವು. ನಮ್ಮಲ್ಲಿ ಮರಳು ಬಳಕೆಯಾಗದೆ ಬಿದ್ದಿದ್ದರೆ ‘ನಿಂತಿದೆ’ ಎನ್ನುತ್ತಾರೆ. ಒಬ್ಬಾಕೆ ನೀರು ಕುಡಿಯಲು ಹೋದರೂ ‘ನಿಂತಿದೆ’ ಎಂದೇ. ಬೇರಿಂಗ್ ಹಾಳಾದರೆ ‘ಸವೆತ’. ಕೆಲಸದಲ್ಲಿ ಮನುಷ್ಯ ಸತ್ತರೂ ‘ಸವೆತ’.

ಬೆಳಿಗ್ಗೆ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ತಲೆಯ ಮೇಲಿನ ದೀಪ ಆ ದಿನದ ಜಾಗ ಹೇಳುತ್ತದೆ. ಹಳದಿಯಾದರೆ ಅಚ್ಚಿನ ಮರಳು, ಕೆಂಪಾದರೆ ಕುಲುಮೆ. ಬುತ್ತಿ ನಾವು ನಿಂತಲ್ಲಿಗೇ ಚಲಿಸುವ ಪಟ್ಟಿಯ ಮೇಲೆ ಬರುತ್ತದೆ. ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತೇವೆ, ಇನ್ನೊಂದು ಕೈ ಕೆಲಸ ಬಿಡುವಂತಿಲ್ಲ. ಎರಡೂ ಕೈ ಹಚ್ಚಿ ರೊಟ್ಟಿ ಮುರಿಯುವುದನ್ನು ನಮ್ಮ ಮಕ್ಕಳು ಮನೆಯಲ್ಲೂ ಮರೆತಿದ್ದಾರೆ.

ನನ್ನ ಅಕ್ಕ ಫಕೀರವ್ವನಿಗೆ ಯಾವಾಗಲೂ ಕೆಂಪು ದೀಪವೇ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಕುಲುಮೆಯ ಸದ್ದಿನಿಂದ ಕಿವಿ ಮಂದವಾಗಿದ್ದರಿಂದ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದಳು, ಕೂಗಿಯೇ ಮುದ್ದು ಮಾಡುತ್ತಿದ್ದಳು. ಒಂದು ವಾರ ಕುಲುಮೆಯ ಹೊರಗಿನ ತಗಡು ಒಂದು ಕಡೆ ಕೆಂಪಗೆ ಹೊಳೆಯತೊಡಗಿತು. ಅದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಮುಖ್ಯ ಯೋಜಕ ಪ್ರಾಣೇಶ ಇನಾಮದಾರರ ಕೋಣೆಗೆ ಹೋದಳು.

“ಸಾಹೇಬ್ರ, ಕುಲುಮಿ ಒಳಗಿನ ಇಟ್ಟಂಗಿ ತಿಂದುಹೋಗೇತ್ರಿ. ಆರಿಸಿ ಹೊಸಾದು ಕಟ್ಟಸ್ರಿ,” ಎಂದಳು.

“ನಾನೂ ನೋಡೇನಿ. ಈಗ ಆರಿಸಿದ್ರ ಕೆಲಸದ ಹರಿವು ಕಡೀತದ. ಈ ಸರಕು ಮುಗೀಲಿ,” ಎಂದರು ಅವರು.

“ಅಷ್ಟರಾಗ ಒಡದ್ರ?”

“ಒಡದ್ರ ಆ ಜಾಗಾಕ್ಕ ಬ್ಯಾರೆ ಮಂದಿ ಕೊಡ್ತೀನಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಅಕ್ಕ ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನನ್ನ ಮುಖ ನೋಡಿದಳು. ಸರಕು ಮುಗಿಯುವ ಮುಂಚೆಯೇ ಕುಲುಮೆ ಒಡೆಯಿತು. ಕರಗಿದ ಕಬ್ಬಿಣ ಅವಳ ಮೇಲೆ ಹರಿಯಿತು. ನಮಗೆ ಮಣ್ಣು ಮಾಡಲು ಸಿಕ್ಕಿದ್ದು ಬಹಳ ಸ್ವಲ್ಪ. ಆ ಸಂಜೆಯೇ ಪಕ್ಕದ ಕುಲುಮೆಯಿಂದ ಹರಿವು ಮತ್ತೆ ಶುರುವಾಯಿತು. ಬಾಗಿಲ ಬಳಿಯ ಧ್ವನಿವರ್ಧಕ ದಿನದ ವರದಿ ಓದಿತು: ಇಟ್ಟಿಗೆ, ತಗಡು, ಒಬ್ಬರು, ಸವೆತ.

ನಾನು ಅಳಲಿಲ್ಲ. ಯೋಜಕರ ತರಬೇತಿಗೆ ಸೇರಿದೆ. ಕಲಿಸಲು ಬರುತ್ತಿದ್ದವರು ಇನಾಮದಾರರೇ. ಅವರ ಕೋಣೆಯಲ್ಲಿ ಅಕ್ಕನ ಪಕ್ಕ ನಿಂತಿದ್ದ ನನ್ನ ಮುಖ ಅವರಿಗೆ ನೆನಪಿರಲಿಲ್ಲ. ‘ಈಕಿ ಚಲೋ ಕಲೀತಾಳ’ ಎಂದು ಎಲ್ಲರೆದುರು ಹೊಗಳುತ್ತಿದ್ದರು. ಯಾವ ಯಂತ್ರದ ಮುಂದೆ ಕೆಲಸ ಗುಡ್ಡೆಯಾಗುತ್ತದೆ, ಯಾವ ಕೈ ಹೆಚ್ಚಾಗಿದೆ, ಎಲ್ಲಿ ಕಡಿದರೆ ಹರಿವು ಚುರುಕಾಗುತ್ತದೆ, ಎಲ್ಲವನ್ನೂ ಅವರಿಂದಲೇ ಕಲಿತೆ. ಅವರು ಕಲಿಸಿದ ಪ್ರತಿಯೊಂದು ಪಾಠವನ್ನೂ ಕತ್ತಿ ಮಸೆದಂತೆ ಮಸೆದು ಇಟ್ಟುಕೊಂಡೆ.

ವರ್ಷಗಳ ಮೇಲೆ ಕಾರ್ಖಾನೆಯ ಮಂಡಳಿ ನನ್ನನ್ನು ‘ಹರಿವುಗಾರ್ತಿ’ಯಾಗಿ ನೇಮಿಸಿತು. ಕೆಲಸ ಎಲ್ಲಿ ತಡೆಯುತ್ತದೆಂದು ಹುಡುಕಿ ತೆಗೆಯುವವಳು ಹರಿವುಗಾರ್ತಿ. ನಾನು ಹುಡುಕಿದೆ. ಎರಕಗಳು ಅಂಗಳದಲ್ಲಿ ತಣ್ಣಗೆ ಬಿದ್ದಿರುತ್ತಿದ್ದುದು ಇನಾಮದಾರರ ಒಪ್ಪಿಗೆಗಾಗಿ. ಮರಳಿನ ಲಾರಿಗಳು ಹೊರಗೆ ಕಾಯುತ್ತಿದ್ದುದೂ ಅದಕ್ಕೇ. ಇಡೀ ಕಾರ್ಖಾನೆಯಲ್ಲಿ ಅತಿ ದೊಡ್ಡ ತಡೆ ಅವರ ಮೇಜು. ನಾನು ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ತಡೆಯಾದ ಹುದ್ದೆಯನ್ನು ತೆಗೆದು, ಅದರಲ್ಲಿದ್ದ ಕೈಯನ್ನು ಕೊರತೆಯಿರುವಲ್ಲಿಗೆ ಕಳುಹಿಸಬೇಕೆಂಬುದು ಅವರೇ ತಂದ ನಿಯಮ. ಕೊರತೆ ಇದ್ದದ್ದು ಕುಲುಮೆಯಲ್ಲಿ.

ಮರುದಿನ ಬಾಗಿಲಲ್ಲಿ ಅವರ ತಲೆಯ ಮೇಲೆ ಕೆಂಪು ದೀಪ ಹತ್ತಿತು. ಅವರು ನನ್ನ ಕೋಣೆಗೆ ಬಂದು ನಿಂತರು.

“ಶಿವಗಂಗಾ, ನನಗ ವಯಸ್ಸಾಗ್ಯದವಾ. ಆ ಝಳಾ ತಾಳೂದಿಲ್ಲ.”

“ಫಕೀರವ್ವ ಕಮ್ಮಾರ ನೆನಪದಾಳೇನ್ರಿ?” ಎಂದು ಕೇಳಿದೆ.

ಅವರು ನಿಜವಾಗಿಯೂ ನೆನಪಿಸಿಕೊಳ್ಳಲು ಯತ್ನಿಸಿದರು. ಹಣೆ ಗಂಟಿಕ್ಕಿಕೊಂಡಿತು. “ಯಾವ ವಿಭಾಗದಾಕಿ?” ಎಂದರು.

ಅದಕ್ಕೂ ಮೊದಲು ನನ್ನಲ್ಲಿ ಒಂದಿಷ್ಟು ಅನುಮಾನ ಉಳಿದಿತ್ತು. ಆಮೇಲೆ ಉಳಿಯಲಿಲ್ಲ. “ಹೋಗ್ರಿ, ಹರಿವು ನಿಂತೈತಿ,” ಎಂದೆ.

ಕೆಲವು ತಿಂಗಳಿಗೆ ಅವರು ನಿಲ್ಲುತ್ತಿದ್ದ ಕುಲುಮೆಯ ತಗಡೂ ಕೆಂಪಗಾಯಿತು. ಸುದ್ದಿ ನನ್ನ ಬಳಿಗೆ ಬಂತು. ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರುವ ಮನಸ್ಸೂ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರ ಪಕ್ಕದಲ್ಲಿ ಬೇರೆಯವರೂ ಇದ್ದರು, ಅವರಿಗೂ ಅಕ್ಕತಂಗಿಯರಿದ್ದರು. ಕುಲುಮೆ ಆರಿಸಿದೆ, ಒಳಗೋಡೆ ಹೊಸದಾಗಿ ಕಟ್ಟಿಸಿದೆ. ಮಂಡಳಿಯವರು ಗದರಿದರು, ಗದರಿಸಿಕೊಂಡೆ. ಇನಾಮದಾರರು ಇದನ್ನು ದಯೆ ಎಂದುಕೊಂಡು ಕೈಮುಗಿಯಲು ಬಂದರು. ಅದೇ ಕುಲುಮೆಗೆ ಬೆಂಕಿ ಹಾಕಿಸಿ ಅವರನ್ನು ಮತ್ತೆ ಅಲ್ಲೇ ನಿಲ್ಲಿಸಿದೆ. ಈಗ ಅವರ ಹುಬ್ಬುಗಳು ಸುಟ್ಟುಹೋಗಿವೆ, ಕಿವಿ ಮಂದವಾಗಿದೆ. ನೀರಿಗೆ ಹೋಗಬೇಕಾದರೆ ನನ್ನ ಕಿಟಕಿಯ ಕಡೆ ಕೈಯೆತ್ತಿ ಕಾಯುತ್ತಾರೆ. ಕೆಲವೊಮ್ಮೆ ನೋಡಿಯೂ ನೋಡದಂತೆ ಕೂರುತ್ತೇನೆ. ನನಗೆ ಚೆನ್ನಾಗಿ ನಿದ್ದೆ ಬರುತ್ತದೆ.

ನಿಮ್ಮನ್ನು ಹೀಗೆ ನಿಲ್ಲಿಸಲು ನನಗೆ ಸಾಧ್ಯವಿಲ್ಲ. ನೀವೆಲ್ಲ ಎಂದೋ ಹಾಸಿಗೆಯಲ್ಲಿ ಮಲಗಿ, ಮಕ್ಕಳ ಕೈಯಿಂದ ನೀರು ಕುಡಿದು ಸತ್ತಿರಿ. ಅದೊಂದು ನನ್ನ ಹೊಟ್ಟೆಯಲ್ಲಿ ಆರದ ಉರಿ. ಅದಕ್ಕೇ ಈ ಕಾಗದ. ನಿಮ್ಮ ಯಂತ್ರವನ್ನು ಯಂತ್ರವೆನ್ನಿ, ಮರಳನ್ನು ಮರಳೆನ್ನಿ. ಅದರ ಮುಂದೆ ನಿಂತವಳ ಹೆಸರು ಕೇಳಿ. ಕೇಳದಿದ್ದರೆ ನಿಮ್ಮ ನಂತರದವರು ನನ್ನಂಥವರ ಕೈಗೆ ಸಿಗುತ್ತಾರೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಯೋಜಕರ ತರಬೇತಿಯಲ್ಲಿ ಈಗ ಕಲಿಸುವವಳು ನಾನು. ಈ ವರ್ಷ ಅಲ್ಲಿಗೆ ಇನಾಮದಾರರ ಮಗಳು ವಾರಿಜಾ ಸೇರಿದ್ದಾಳೆ. ಮುಂದಿನ ಸಾಲಿನಲ್ಲಿ ಕೂರುತ್ತಾಳೆ, ಹೆಚ್ಚು ಮಾತಾಡುವುದಿಲ್ಲ, ನನ್ನ ಮುಖದಿಂದ ಕಣ್ಣು ತೆಗೆಯುವುದಿಲ್ಲ. ಆ ನೋಟ ನನಗೆ ಗೊತ್ತು. ಅವಳಿಗೆ ನಾನು ಏನನ್ನೂ ಬಚ್ಚಿಡದೆ ಕಲಿಸುತ್ತಿದ್ದೇನೆ.

ಶಿವಗಂಗಾ ಕಮ್ಮಾರ