ಆರನೆಯ ಕೇಸು

೧೧-೨-೧೯೬೩, ಗುಬ್ಬಿ. ಬೆಳಗ್ಗೆ ೬

ಇವತ್ತು ಅಪ್ಪನ ಶ್ರಾದ್ಧ. ಎರಡು ಗಂಟೆಯವರೆಗೆ ಡಿಸ್ಪೆನ್ಸರಿ ಇಲ್ಲ. ತುಮಕೂರಿನ ಡಾಕ್ಟರುಗಳ ಸಭೆಗೆ ಲೇಖನ ಮುಕ್ಕಾಲು ಆಗಿದೆ — ಹಾರ್ಟ್ ಅಟ್ಯಾಕ್ ಆಗಿ, ಬಿ.ಪಿ. ಕುಸಿದು ಶಾಕ್‌ಗೆ ಹೋದವರಲ್ಲಿ ಯಾರು ಉಳಿಯುತ್ತಾರೆ, ಯಾಕೆ. ನನ್ನ ಐದು ಕೇಸು. ಉಳಿದದ್ದು ಒಬ್ಬರು. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರ ಎಷ್ಟು ಬಂತು, ಎಷ್ಟು ಬೇಗ ಕರೆತಂದರು... ಒಂದೊಂದನ್ನೂ ಅಳೆದು ಬರೆದಿದ್ದೇನೆ. ಒಳಗೊಳಗೇ ಸ್ವಲ್ಪ ಹೆಮ್ಮೆ. ಹೆಂಡತಿ ತುಳಸಿ ಕರೆಯುತ್ತಿದ್ದಾಳೆ, ಮಡಿ ಉಟ್ಟುಕೊಳ್ಳಬೇಕು.

ಅದೇ ದಿನ, ಸಂಜೆ ೭

ಜಟಕಾ ರಂಗಹನುಮಯ್ಯ ಹೋಗಿಬಿಟ್ಟ. ಐವತ್ತೆರಡು ವರ್ಷ. ಎರಡೂಕಾಲಿಗೆ ಕರೆತಂದರು. ಕೈಕಾಲು ತಣ್ಣಗೆ, ಮೈಯೆಲ್ಲ ಬೆವರು, ನಾಡಿ ದಾರದ ಎಳೆ. ಬಿ.ಪಿ. ಎಪ್ಪತ್ತು, ಆಮೇಲೆ ಸಿಗಲೇ ಇಲ್ಲ. ಕೋರಮಿನ್ ಇಂಜೆಕ್ಷನ್ ಕೊಟ್ಟೆ, ಡ್ರಿಪ್ ಹಾಕಿದೆ. ಒಂದು ಹನಿ ಮೂತ್ರ ಬರಲಿಲ್ಲ. ಐದಕ್ಕೆ ಮುಗಿಯಿತು.

ಹನ್ನೆರಡು ವರ್ಷ, ಯಾವ ಹೊತ್ತಿನಲ್ಲಿ ಕರೆದರೂ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ಹಳ್ಳಿಹಳ್ಳಿಗೆ ಕರೆದೊಯ್ದವನು.

ಕೇಸ್ ಶೀಟಿನಲ್ಲಿ ಬರೆದೆ: ಮೊದಲು ನೋಡಿದ್ದು ಮಧ್ಯಾಹ್ನ ೨.೧೫. ಸುಳ್ಳಲ್ಲ. ನೋಡಿದ್ದು ಆಗಲೇ.

೧೪-೨

ಮೂರು ದಿನದಿಂದ ನಿದ್ದೆಯಿಲ್ಲ. ಬರೆದುಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ.

ಆವತ್ತು ಬೆಳಗ್ಗೆ ಎಂಟಕ್ಕೇ ಅವನ ಹೆಂಡತಿ ಚಿಕ್ಕಮಾರಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದಳು. ಅವನು ಬೀದಿಯಲ್ಲಿ ಗಾಡಿಯ ಮೇಲೆಯೇ ಕೂತಿದ್ದ. ನಾನು ಮಡಿಯಲ್ಲಿದ್ದೆ.

"ಸ್ವಾಮೀ, ಎದೆ ಹಿಡ್ಕಂಡೈತಂತೆ. ಎಡಗೈಯೆಲ್ಲಾ ನೋವು ಅಂತಾವ್ರೆ. ಒಂದ್ ಕಿತ ನಾಡಿ ನೋಡ್ಬುಡಿ."

ಮುಟ್ಟಿದರೆ ಮತ್ತೆ ಸ್ನಾನ. ಬ್ರಾಹ್ಮಣರು ಬಂದು ಕೂತಿದ್ದರು. ಒಳಗಿನಿಂದಲೇ ಹೇಳಿದೆ: "ಗ್ಯಾಸು ಕಣಮ್ಮ. ಸೋಡಾ ಕುಡಿಸು. ಬ್ರಾಹ್ಮಣರ ಊಟ ಆದ್ಮೇಲೆ ಎರಡು ಗಂಟೆಗೆ ಕರ್ಕೊಂಡು ಬಾ."

ನೋವು ಎಡಗೈಗೆ ಇಳಿದಿದೆ ಎಂದರೂ ಗ್ಯಾಸು ಎನ್ನುವ ಡಾಕ್ಟರು! ನನ್ನ ಮಾತು ನಂಬಿ ಸ್ಟೇಷನ್ನಿಗೆ ಎರಡು ಟ್ರಿಪ್ ಹೊಡೆದನಂತೆ. ಮೂಟೆಗಳನ್ನೂ ಇಳಿಸಿದನಂತೆ.

ಆಗಲೇ ನೋಡಿದ್ದರೆ ಉಳಿಯುತ್ತಿದ್ದ ಎಂದು ಹೇಳಲಾರೆ. ಆದರೆ ಎಂಟು ಗಂಟೆಗೆ ಅವನಿನ್ನೂ ಶಾಕ್‌ಗೆ ಹೋಗಿರಲಿಲ್ಲ. ಅಲ್ಲಾಡದಂತೆ ಮಲಗಿಸಿ ನೋವಿಗೆ ಮಾರ್ಫಿಯಾ ಕೊಡಬಹುದಿತ್ತು. ನಾಲ್ಕು ತಂಬಿಗೆ ನೀರು ಹೊಯ್ದುಕೊಂಡಿದ್ದರೆ ನನ್ನ ಮಡಿ ವಾಪಸು ಬರುತ್ತಿತ್ತು.

೨೪-೨, ಭಾನುವಾರ. ತುಮಕೂರಿನಿಂದ ಬಂದು

ಓದಿದೆ. ಕೇಸು ಆರು ಮಾಡಿಕೊಂಡೇ ಓದಿದೆ. ಆರನೆಯದರ ಮುಂದೆ — ರೋಗಿಯ ಕಡೆಯವರಿಂದ ವಿಳಂಬ, ಆರು ಗಂಟೆ. ಚಪ್ಪಾಳೆ ಬಿತ್ತು. ಅಧ್ಯಕ್ಷರು, "ನಮ್ಮ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ" ಎಂದರು. ನಾನೂ ತಲೆಯಾಡಿಸಿದೆ. ಆಡಿತಲ್ಲ ಈ ತಲೆ! ಥೂ.

ತುಳಸಿ ಕಾಫಿ ತಂದಿಟ್ಟು, "ಆವತ್ತು ಅವಳು ಬೆಳಗ್ಗೇನೇ ಬಂದಿದ್ದು... ಅದನ್ನೂ ಓದಿದ್ರಾ?" ಎಂದಳು. ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

೯-೩

ಚಿಕ್ಕಮಾರಮ್ಮ ಬಂದಿದ್ದಳು. ಮೈದುನಂದಿರು ಮನೆ ಬಿಟ್ಟು ಹೋಗು ಎನ್ನುತ್ತಿದ್ದಾರಂತೆ. "ಎದೆನೋವು ಅಂದೋನ್ನ ಡಾಕ್ಟ್ರಿಗೆ ತೋರಿಸ್ದೆ ಗಾಡಿ ಹೊಡ್ಯಕ್ ಬುಟ್ಲು, ಇವ್ಳೇ ಕೊಂದ್ಲು" ಎಂದು ಊರೆಲ್ಲ ಹೇಳಿದ್ದಾರೆ. ಬೆಳಗ್ಗೆಯೇ ಹೋಗಿದ್ದೆ ಎಂದು ಇವಳು ಹೇಳಿದರೆ ಯಾರೂ ನಂಬುವುದಿಲ್ಲ. ಆವತ್ತೇ ಅವರು ನೋಡಿದ ಡಾಕ್ಟರ ಶೀಟಿನಲ್ಲೇ ಎರಡೂಕಾಲು ಎಂದಿದೆಯಲ್ಲ.

ಬೈದಿದ್ದರೆ ವಾಸಿಯಾಗುತ್ತಿತ್ತು. ಬೈಯಲಿಲ್ಲ. "ನಿಮ್ ಮ್ಯಾಲೆ ತಪ್ಪು ಹೊರ್ಸಲ್ಲ ಸ್ವಾಮೀ. ಮನೇಲಿ ತಿಥಿ, ನೀವೇನ್ ಮಾಡೀರಿ. ನಾನು ಬಂದಿದ್ದೆ ಅಂತ ಒಂದ್ ಮಾತು ಯೋಳಿ, ಸಾಕು."

ನಾಳೆ ಅವರನ್ನು ಕರೆದುಕೊಂಡು ಬಾ ಎಂದೆ. ಈಗಲೂ ನಾಳೆ.

೧೦-೩, ಬೆಳಗ್ಗೆ ೮

ಬಂದಿದ್ದಾರೆ. ಮೈದುನಂದಿರು ಜಗಲಿಯ ಮೇಲೆ. ಅವಳು ಕೆಳಗೆ, ಬಿಸಿಲಲ್ಲಿ ನಿಂತಿದ್ದಾಳೆ. "ಡಾಕ್ಟ್ರು ಬಾಯ್ಬುಟ್ಟು ಯೋಳ್ಳಿ, ನಂಬ್ತೀವಿ" — ದೊಡ್ಡವನ ದನಿ ಇಲ್ಲಿಗೇ ಕೇಳಿಸಿತು.

ಹೇಳಿದರೆ ಮಧ್ಯಾಹ್ನದೊಳಗೆ ಗುಬ್ಬಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ತುಮಕೂರಿಗೆ. ಆಗಲಿ. ಶೀಟು ತಿದ್ದಿದ್ದೇನೆ: ಬೆಳಗ್ಗೆ ೮, ಹಿತ್ತಲ ಬಾಗಿಲಿಗೆ ಬಂದರು, ನಾನು ನೋಡಲಿಲ್ಲ.

ತುಳಸಿ ಎರಡು ಸಲ ಕರೆದಳು. ಹೋಗುತ್ತೇನೆ, ಇದೊಂದು ಸಾಲು ಬರೆದು... ಆವತ್ತೂ ಹೀಗೇ, ಚಿಕ್ಕಮಾರಮ್ಮನನ್ನು ಹೊರಗೆ ನಿಲ್ಲಿಸಿ ನಾನು ಒಳಗೆ —