ಗುಂಡು ತಲೆಯ ಸೂಜಿ

ದೊಡ್ಡಮ್ಮ,

ನಿನ್ನ ಹೊಲಿಗೆ ಮೆಷಿನ್ ಇವತ್ತು ಓಡಿತು. ನೀನು ತೀರಿಕೊಂಡ ಮೇಲೆ ಅದು ಯಗಟಿಯಿಂದ ನನ್ನ ಮನೆಗೆ ಬಂದಾಗ ಬೆಲ್ಟು ತುಂಡಾಗಿತ್ತು, ಸೂಜಿ ಮುರಿದಿತ್ತು. ಬೆಲ್ಟು ಇಲ್ಲೇ ಕಡೂರಿನಲ್ಲಿ ಸಿಕ್ಕಿತು. ಸೂಜಿಗೆ ಮಾತ್ರ ತರೀಕೆರೆಯನ್ನೆಲ್ಲ ಸುತ್ತಿದೆ. ಈಗಿನ ಸೂಜಿಗಳ ತಲೆ ಒಂದು ಕಡೆ ಚಪ್ಪಟೆ, ನಿನ್ನ ಮೆಷಿನ್ನಿಗೆ ಪೂರ್ತಿ ಗುಂಡಗಿರುವುದೇ ಆಗಬೇಕು.

ಕೊನೆಗೆ ಅಜ್ಜಂಪುರದ ಒಬ್ಬ ಮುದುಕ ಟೈಲರ್ ಹಳೇ ಮಾತ್ರೆ ಡಬ್ಬಿಯಿಂದ ಅಂಥವೇ ಎರಡು ಸೂಜಿ ತೆಗೆದರು. ಕೈ ಚಾಚಿದೆ. ಅವರು ಕೊಡದೆ ಮೇಜಿನ ಮೇಲಿಟ್ಟರು.

"ಸೂಜಿ ಕೈಗೆ ಕೊಟ್ರೆ ಜಗಳ ಆಗುತ್ತೆ ಕಣಮ್ಮ. ನೀನೇ ತಗೊ."

ಥೇಟ್ ನಿನ್ನದೇ ಮಾತು. ಬಸ್ಸಿನಲ್ಲಿ ಊರು ತಲುಪುವವರೆಗೂ ಒಬ್ಬಳೇ ನಗುತ್ತಾ ಬಂದೆ.

ಸೂಜಿ ಸಿಕ್ಕಿಸಿ, ಎಣ್ಣೆ ಬಿಟ್ಟು ತುಳಿದೆ. ಸದ್ದು ಕೇಳಿ ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. "ಅಕ್ಕ ತುಳಿದಂಗೇ ಕೇಳಿಸ್ತು ಕಣೇ" ಎಂದು ಅಲ್ಲೇ ಕೂತುಬಿಟ್ಟಳು. ಅವಳ ಹಳೇ ಸೀರೆಯಲ್ಲಿ ಒಂದೇ ಸಮನೆ ನಾಲ್ಕು ದಿಂಬಿನ ಚೀಲ ಹೊಲಿದೆ. ನೀನಿದ್ದಿದ್ದರೆ ಮೂರನ್ನಾದರೂ ಬಿಚ್ಚಿಸದೆ ಬಿಡುತ್ತಿರಲಿಲ್ಲ.

ನನ್ನ ಮದುವೆಯ ರವಿಕೆ ಹೊಲಿಯುವಾಗ ನಿನ್ನ ಕೈಯಿಂದ ಸೂಜಿ ಕಿತ್ತುಕೊಂಡವಳು ನಾನೇ. ಆಮೇಲೆ ಆರು ವರ್ಷ ಯಗಟಿಯ ಬಸ್ಸು ಹತ್ತಲಿಲ್ಲ.

ಎರಡನೆಯ ಸೂಜಿಯನ್ನು ಮೆಷಿನ್ನಿನ ಹಲಗೆಯ ಮೇಲೆ ಇಟ್ಟಿದ್ದೇನೆ. ಕೈಗೆ ಕೊಡುವುದಿಲ್ಲ. ನೀನೇ ತಗೊ.