ಕಾಲುವೆ ದಂಡೆಯ ಜನ

ಹಾರ್ಲೆಮ್, ೧೬೭೪

ಲೀವನ್,

ನಿನ್ನ ಹಡಗು ಮುಳುಗಿ ಆರು ವರ್ಷವಾಯಿತು; ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಬೆಳಿಗ್ಗೆ ನಿನ್ನ ತಂಗಿ ಹಿಲ್ಲೆ ಬಂದಿದ್ದಳು. ಗೋಡೆಗೆ ಒರಗಿಸಿದ್ದ ನನ್ನ ಹೊಸ ಚಿತ್ರಗಳನ್ನು ನೋಡಿ, "ಏನಣ್ಣಾ, ಊರಿಗೆ ಊರೇ ಗುಳೆ ಹೋಗಿದೆಯಾ? ಬೀದೀಲಿ ಒಂದು ನರಪಿಳ್ಳೇನೂ ಇಲ್ವಲ್ಲ!" ಎಂದು ನಕ್ಕಳು.

ಕೊಳ್ಳುವವರು ಅದನ್ನೇ ಶಾಂತಿ ಎಂದು ಹೊಗಳುತ್ತಾರೆ. ನಾನು ಬರೆದ ಮನೆ, ಸೇತುವೆ, ನೀರಿನ ನಡುವೆ ಜನರನ್ನು ಬರೆಯುತ್ತಿದ್ದವನು ನೀನು ಎಂಬುದು ಅವರಿಗೆ ಗೊತ್ತಿಲ್ಲ. "ಗೊಂಬೆ ಬರೆಯೋಕೆ ಯಾರಾದ್ರೂ ಸಿಗ್ತಾರೆ ಬಿಡು" ಎಂದು ನಾನು ನಿನ್ನ ಮುಖಕ್ಕೇ ಅಂದದ್ದೂ ಗೊತ್ತಿಲ್ಲ. ಮರುವಾರವೇ ನೀನು ಹಡಗು ಹತ್ತಿದೆ.

ಹಿಲ್ಲೆ ನಮ್ಮ ಹಳೆಯ ಕಾಲುವೆಯ ಚಿತ್ರವನ್ನು ಕೇಳಿದಳು. ಅದರಲ್ಲಿ ದಂಡೆಯ ಮೇಲೆ ಮೀನು ತೊಳೆಯುವ ಹೆಂಗಸು ನಿಮ್ಮಮ್ಮನೇ ಅಂತೆ. ನೀನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ತಗೊಂಡು ಹೋಗಮ್ಮ" ಎಂದೆ.

"ಇದರ ಕೆಳಗೆ ನಿಂದೊಂದೇ ಹೆಸರು ಇದೆಯಲ್ಲಣ್ಣಾ."

ಕುಂಚ ಹಿಡಿದು ಕೂತೆ. ಹತ್ತು ವರ್ಷ ಒಂದೇ ಕೋಣೆಯಲ್ಲಿ ದುಡಿದವರು ನಾವು. ನಿನ್ನ ಮನೆತನದ ಹೆಸರಿನ ಅಕ್ಷರಗಳನ್ನು ಅವಳೇ ಒಂದೊಂದಾಗಿ ಹೇಳಿಕೊಡಬೇಕಾಯಿತು.

ವೌಟರ್